ಎಡಗಿವಿಗೆ ಬಿದ್ದ ಈಡು

ನನ್ನ ಎರಡು ಕಿವಿಗಳೂ ಕೆಟ್ಟಿವೆ. ಎಡಗಿವಿ ಹೆಚ್ಚು ಕೆಟ್ಟಿದೆ. ಬಲಭುಜಕ್ಕೆ ಕೋವಿ ಆನಿಸಿ ಹೊಡೆಯುವವರಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಗುರಿ ಹಿಡಿಯಲು ಕೆನ್ನೆಯನ್ನು ಕೋವಿಯ ಮರಕ್ಕೆ ಒತ್ತಿದಾಗ ಬಲಗಿವಿ ತಲೆಯ ಮರೆಗೆ ಹೋಗುತ್ತದೆ, ಎಡಗಿವಿ ನಳಿಕೆಯ ಬಾಯಿಯ ಕಡೆಗೆ ತಿರುಗಿಕೊಳ್ಳುತ್ತದೆ. ಸದ್ದು ಸಿಡಿಯುವುದು ಆ ಬಾಯಲ್ಲಿ. ಮೈಸೂರಿನಲ್ಲಿ ನನ್ನ ಕಿವಿ ಪರೀಕ್ಷೆ ಮಾಡಿದ ಹುಡುಗಿ ಆಡಿಯೋಗ್ರಾಂ ಹಾಳೆ ನೋಡುತ್ತಲೇ, "ಸಾರ್, ನೀವು ಕೋವಿ ಹೊಡೀತೀರಾ?" ಎಂದು ಕೇಳಿದಳು. ನನ್ನ ಊರು ಯಾವುದು, ಕೆಲಸ ಏನು ಎಂದು ಅವಳು ಇನ್ನೂ ಕೇಳಿರಲಿಲ್ಲ.

ನಾನು ಸೈನ್ಯದಲ್ಲಿದ್ದವನಲ್ಲ, ಪೊಲೀಸಿನವನಲ್ಲ. ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರ. ನಮ್ಮ ಕಡೆಯಿಂದ ಸೈನ್ಯಕ್ಕೆ ಹೋದವರು ಬಹಳ ಮಂದಿ. ಅವರ ಕಿವಿ ಕೆಟ್ಟರೆ ಕಾರಣ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು ಹೊಡೆದ ಈಡುಗಳೆಲ್ಲ ಸಂತೋಷಕ್ಕೆ ಹೊಡೆದವು: ಹಬ್ಬಕ್ಕೆ, ಪಂದ್ಯಕ್ಕೆ, ಭಾನುವಾರದ ಅಭ್ಯಾಸಕ್ಕೆ. ಸಂತೋಷದ ದಾರಿಯಲ್ಲಿ ಬಂದ ನೋವನ್ನು ನೋವೆಂದು ಒಪ್ಪಲು ಮನೆಯವರಿಗೂ ವೈದ್ಯರಿಗೂ ಸ್ವತಃ ಅನುಭವಿಸುವವನಿಗೂ ಬಹಳ ಕಾಲ ಹಿಡಿಯುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಕೋವಿ ಮನೆಯ ಒಬ್ಬ ಹಿರಿಯನಿದ್ದಂತೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗದ್ದೆಯ ಬದುವಿನಲ್ಲಿ ಒಂದು ಈಡು. ಸೆಪ್ಟೆಂಬರಿನ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿ ಇಟ್ಟು, ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತೇವೆ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗೆ ಕೊಟ್ಟ ವಿನಾಯಿತಿ ಇವತ್ತಿಗೂ ಒಂದಲ್ಲ ಒಂದು ರೂಪದಲ್ಲಿ ನಡೆದುಕೊಂಡು ಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟು ಕೂಡ ಎತ್ತಿಹಿಡಿದಿದೆ. ಈ ಹಕ್ಕಿನ ಬಗ್ಗೆ ನನಗೆ ಅಭಿಮಾನವಿದೆ. ಮುಂದೆ ಬರೆಯುವುದನ್ನು ಯಾರೂ ಕೋವಿಯ ವಿರುದ್ಧದ ಮಾತೆಂದು ತಿಳಿಯಬಾರದು.

ಕೈಲ್‌ಪೊಳ್ದ್ ಪೂಜೆ, ಊಟ ಮುಗಿದ ಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಾನು ಅಲ್ಲಿಂದ ಶುರು ಮಾಡಿದವನು. ಮೊದಲು ಏರ್‌ಗನ್, ಆಮೇಲೆ ಅಪ್ಪನ ಒಂಟಿನಳಿಕೆ ಕೋವಿ, ಆಮೇಲೆ ಪಾಯಿಂಟ್ 22 ರೈಫಲ್, ಕೊನೆಗೆ ನನ್ನದೇ ಜೋಡಿನಳಿಕೆ 12 ಬೋರ್. ಮೈಸೂರು, ಬೆಂಗಳೂರಿನ ಪಂದ್ಯಗಳಿಗೂ ಹೋಗುತ್ತಿದ್ದೆ. ನಮ್ಮಲ್ಲಿ ಒಂದು ಮಾತಿತ್ತು: ಹೊಡೆದ ಮೇಲೆ ಕಿವಿ ಗುಂಯ್ ಎನ್ನದಿದ್ದರೆ ತೋಟೆ ಹಳೆಯದು ಎಂದು ಅರ್ಥ. ಪಂದ್ಯದ ದಿನ ಸಂಜೆ ಎಲ್ಲರ ಕಿವಿಯೂ ಗುಂಯ್ ಎನ್ನುತ್ತಿತ್ತು. ಎಲ್ಲರೂ ಜೋರಾಗಿ ಮಾತಾಡುತ್ತಿದ್ದೆವು. ಮರುದಿನ ಬೆಳಿಗ್ಗೆ ಸರಿಹೋಗುತ್ತಿತ್ತು. ಕೆಲವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಹತ್ತಿ ಇಂಥ ಸದ್ದನ್ನು ತಡೆಯುವುದು ಬಹಳ ಕಡಿಮೆ ಎಂದು ನನಗೆ ತಿಳಿದದ್ದು ಮೈಸೂರಿನಲ್ಲಿ.

ಆ ಗುಂಯ್ ಏನೆಂದು ಹೇಳುತ್ತೇನೆ. ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ. ಸದ್ದಿನ ಅಲೆಗೆ ಅವುಗಳ ತುದಿಯ ಸಣ್ಣ ರೋಮಗಳು ಬಾಗಿದಾಗ ನರಕ್ಕೆ ಸಂದೇಶ ಹೋಗುತ್ತದೆ. ಜೋರು ಸದ್ದು ಬಡಿದರೆ ಅವು ಬಳಲುತ್ತವೆ, ಕೆಲವು ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತವೆ. ಮತ್ತೆ ಮತ್ತೆ ಬಡಿದರೆ ಸಾಯುತ್ತವೆ. ಮರುದಿನ ಸರಿಹೋಯಿತು ಎಂದುಕೊಂಡ ಪ್ರತಿ ಸಲವೂ ಒಂದಷ್ಟು ಸತ್ತಿರಬಹುದು. ಸತ್ತದ್ದು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಗಳಲ್ಲಿ ಹುಟ್ಟುತ್ತವೆ. ನನ್ನ ಅಂಗಳದ ಕೋಳಿಗೆ ಇರುವ ಆ ಶಕ್ತಿ ನನಗಿಲ್ಲ.

ಮಾಮೂಲಿ ಮಾತುಕತೆ 60 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ. 12 ಬೋರ್ ಕೋವಿಯ ಈಡು 150 ಡೆಸಿಬಲ್ ದಾಟುತ್ತದೆ. ಎರಡೂವರೆ ಪಟ್ಟು ಎಂದುಕೊಳ್ಳಬೇಡಿ. ಡೆಸಿಬಲ್ಲಿನಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 60ರಿಂದ 150ಕ್ಕೆ 100 ಕೋಟಿ ಪಟ್ಟು. ಕಿವಿಗೆ ತನ್ನದೇ ಒಂದು ರಕ್ಷಣೆ ಇದೆ. ದೊಡ್ಡ ಸದ್ದಿಗೆ ಒಳಗಿನ ಸಣ್ಣ ಸ್ನಾಯುವೊಂದು ಬಿಗಿದುಕೊಂಡು ಸದ್ದನ್ನು ಸ್ವಲ್ಪ ತಡೆಯುತ್ತದೆ. ಆದರೆ ಈಡಿನ ಹೊಡೆತ ಕೆಲವೇ ಮಿಲಿಸೆಕೆಂಡುಗಳದ್ದು. ಸ್ನಾಯು ಬಿಗಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಪಾಯಿಂಟ್ 22 ಸಣ್ಣ ಸದ್ದಿನದು, ಅದಕ್ಕೇನೂ ಬೇಡ ಎಂದು ನಾವೆಲ್ಲ ನಂಬಿದ್ದೆವು. ಅದರ ಈಡೂ 140 ಡೆಸಿಬಲ್ ಹತ್ತಿರ ಹೋಗುತ್ತದೆ. ಸಿಡಿತದ ಸದ್ದಿಗೆ ವೈದ್ಯರು ಹಾಕಿರುವ ಅಪಾಯದ ಗೆರೆ ಅಲ್ಲೇ ಇದೆ. ಸಣ್ಣ ಸದ್ದಿನದೆಂದೇ ಅದನ್ನು ಹೆಚ್ಚು ಹೊಡೆದೆವು.

ಮೊದಲು ಬಂದದ್ದು ಕಿವುಡಲ್ಲ, ಜೀರುಂಡೆ. ನಲವತ್ತು ದಾಟಿದ್ದೆ. ಮಳೆಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ತೋಟದಲ್ಲಿ ಜೀರುಂಡೆಗಳು ಕಿವಿ ಕಿತ್ತುಹೋಗುವಷ್ಟು ಕೂಗುತ್ತವೆ. ಆ ವರ್ಷ ಮಳೆ ಬಂದರೂ ನಿಲ್ಲಲಿಲ್ಲ. ರಾತ್ರಿ ಕಿಟಕಿ ಮುಚ್ಚಲು ಹೆಂಡತಿಗೆ ಹೇಳಿದೆ. "ಮುಚ್ಚೇ ಇದೆಯಲ್ಲಾ" ಎಂದಳು. ಆಮೇಲೊಮ್ಮೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಮಲಗಿದ್ದೆ. ಎಷ್ಟೋ ಅಂತಸ್ತು ಮೇಲೆ, ಸುತ್ತ ಒಂದು ಮರವಿಲ್ಲ. ಜೀರುಂಡೆ ಕೂಗುತ್ತಲೇ ಇತ್ತು. ಆ ರಾತ್ರಿ ಎದ್ದು ಕೂತೆ. ಇದು ಹೊರಗಿನದಲ್ಲ ಎಂದು ಗೊತ್ತಾದಾಗ ಆದ ಭಯವನ್ನು ಈಗಲೂ ಮರೆತಿಲ್ಲ. ಅಂದಿನಿಂದ ಇಂದಿನವರೆಗೆ ಅದು ಒಂದು ಗಳಿಗೆಯೂ ನಿಂತಿಲ್ಲ. ಇದನ್ನು ಬರೆಯುವಾಗಲೂ ಕೂಗುತ್ತಿದೆ.

ಇದಕ್ಕೆ ಕಿವಿಮೊರೆತ ಎನ್ನುತ್ತಾರೆ. ಸತ್ತ ರೋಮಕೋಶಗಳ ಕಡೆಯಿಂದ ಏನೂ ಬರದೆ ಹೋದಾಗ ಮೆದುಳು ತನ್ನ ಗ್ರಹಿಕೆಯನ್ನು ಏರಿಸಿಕೊಳ್ಳುತ್ತದೆ, ಆಗ ಇಲ್ಲದ ಸದ್ದು ಕೇಳಿಸುತ್ತದೆ ಎಂದು ವಿವರಿಸಿದರು. ಅದನ್ನು ಗುಣಪಡಿಸುವ ಮಾತ್ರೆ ಇಲ್ಲ. ನಾನು ನುಂಗಿದ ಮಾತ್ರೆ, ಹಾಕಿಸಿಕೊಂಡ ಎಣ್ಣೆ, ಕಷಾಯ ಎಲ್ಲ ವ್ಯರ್ಥವಾದವು. ಮಳೆಗಾಲದಲ್ಲಿ ನನಗೆ ಒಳ್ಳೆಯ ನಿದ್ದೆ; ಹೆಂಚಿನ ಮೇಲೆ ಸುರಿಯುವ ಮಳೆ ಅದನ್ನು ಮುಚ್ಚುತ್ತದೆ. ಕಷ್ಟವೆಂದರೆ ಡಿಸೆಂಬರ್, ಜನವರಿ. ಚಳಿಗೆ ಊರೆಲ್ಲ ನಿಶ್ಶಬ್ದವಾದಾಗ ತಲೆಯೊಳಗೆ ಅದೊಂದೇ. ಆ ತಿಂಗಳುಗಳಲ್ಲೂ ಫ್ಯಾನ್ ಹಾಕಿ, ಎರಡು ಕಂಬಳಿ ಹೊದ್ದು ಮಲಗುತ್ತೇನೆ.

ಆಮೇಲೆ ಮಾತು ಹೋಯಿತು. ಸದ್ದು ಹೋಗಲಿಲ್ಲ, ಮಾತು ಹೋಯಿತು. ಇದು ಬೇರೆಯವರಿಗೆ ಅರ್ಥವಾಗದ ವಿಷಯ. ಕೋವಿಯ ಸದ್ದು ಮೊದಲು ಕೊಲ್ಲುವುದು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳನ್ನು, 4000 ಹರ್ಟ್ಸ್ ಸುತ್ತಮುತ್ತಲಿನವನ್ನು. ನನ್ನ ಆಡಿಯೋಗ್ರಾಂನಲ್ಲಿ ಗೆರೆ ಸರಿಯಾಗಿ ಬಂದು ಅಲ್ಲಿ ಹಳ್ಳಕ್ಕೆ ಬಿದ್ದು ಮತ್ತೆ ಸ್ವಲ್ಪ ಮೇಲೇಳುತ್ತದೆ. ಆ ಹುಡುಗಿ ಗುರುತಿಸಿದ್ದು ಆ ಹಳ್ಳವನ್ನು. ಅ, ಓ, ಉ ಎಂಬ ಸ್ವರಗಳ ಬಲವೆಲ್ಲ ಕೆಳಗಿನ ಭಾಗದಲ್ಲಿ. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಬೇರೆ ಬೇರೆ ಮಾಡಿ ತೋರಿಸುವುದು ಮೇಲಿನ ಭಾಗ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂದು ಚೆನ್ನಾಗಿ ಕೇಳುತ್ತದೆ, ಏನು ಹೇಳಿದರು ಎಂದು ತಿಳಿಯುವುದಿಲ್ಲ. ಗಂಡಸರ ಮಾತು ಅರ್ಧ ಸಿಗುತ್ತದೆ, ಹೆಂಗಸರದ್ದು ಕಾಲುಭಾಗ, ಮಕ್ಕಳದ್ದು ಅದಕ್ಕಿಂತ ಕಡಿಮೆ. ಮದುವೆ ಮನೆಯಲ್ಲಿ ದುಡಿಯ ಸದ್ದು ಎದೆಗೆ ತಟ್ಟುವಷ್ಟು ಕೇಳುತ್ತದೆ. ದುಡಿ ಬಡಿಯುತ್ತಾ ಹಾಡುವವರ ಪದ ಒಂದೂ ಸಿಗುವುದಿಲ್ಲ. ಚಿಕ್ಕಂದಿನಿಂದ ಕೇಳಿದ ಹಾಡಾದ್ದರಿಂದ ಮನಸ್ಸೇ ಪದಗಳನ್ನು ತುಂಬಿಕೊಳ್ಳುತ್ತದೆ.

ಮೊಮ್ಮಗಳು ಮಾತು ಕಲಿತ ವರ್ಷ ನನಗೆ ಬಹಳ ಕಷ್ಟದ ವರ್ಷ. ಅವಳು ಓಡಿಬಂದು ಏನೋ ಹೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಮಕ್ಕಳಿಗೆ ಸುಳ್ಳು ಹೂಂ ತಕ್ಷಣ ಗೊತ್ತಾಗುತ್ತದೆ. ಸ್ವಲ್ಪ ದಿನಗಳಾದ ಮೇಲೆ ಹೇಳಬೇಕಾದ್ದನ್ನೆಲ್ಲ ಅವಳು ಅಜ್ಜಿಗೆ ಹೇಳತೊಡಗಿದಳು. ನನ್ನ ತೊಡೆಯ ಮೇಲೆಯೇ ಕೂತು ಅಜ್ಜಿಗೆ ಹೇಳುತ್ತಿದ್ದಳು.

ಮನೆತನದ ಮೂಲಮನೆಯಾದ ಐನ್‌ಮನೆಯ ಸಭೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಕೂತರೆ ಒಂದು ಗಂಟೆಯಲ್ಲಿ ತಲೆ ಸಿಡಿಯುತ್ತದೆ, ಏಕೆಂದರೆ ಪ್ರತಿ ಮಾತನ್ನೂ ಊಹಿಸಿ ಜೋಡಿಸಬೇಕು. ಅದರ ಮೇಲೆ ಇನ್ನೊಂದು: ಮೆಲ್ಲಗೆ ಹೇಳಿದ್ದು ಕೇಳುವುದಿಲ್ಲ, ಸ್ವಲ್ಪ ಜೋರಾದರೆ ಕಿವಿಗೆ ಚುಚ್ಚುತ್ತದೆ. ಸ್ಟೀಲ್ ತಟ್ಟೆ ಕೆಳಗೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಜೋರಾಗಿ ಹೇಳು ಎಂದವನೇ ಮರುಕ್ಷಣ ಕಿರುಚಬೇಡ ಎನ್ನಬೇಕಾಗುತ್ತದೆ. ಮನೆಯವರಿಗೆ ಇದನ್ನು ಸಹಿಸುವುದು ಸುಲಭವಲ್ಲ. ನನ್ನ ಹೆಂಡತಿ ಸಹಿಸಿದ್ದಾಳೆ. ಇಷ್ಟು ವರ್ಷ ಊರಿನವರ ಮಾತನ್ನೆಲ್ಲ ನನಗೆ ತಿರುಗಿ ಹೇಳಿದವಳು ಅವಳು.

ಭುಜದ ಕಥೆ ಬೇರೆ, ಆದರೆ ಅದೇ ಕೋವಿಯದು. 30 ಗ್ರಾಂನಷ್ಟು ಚರೆ ಸೆಕೆಂಡಿಗೆ 350ರಿಂದ 400 ಮೀಟರ್ ವೇಗದಲ್ಲಿ ಮುಂದಕ್ಕೆ ಹಾರಿದರೆ ಅಷ್ಟೇ ನೂಕು ಹಿಂದಕ್ಕೆ ಬರಬೇಕು. ಕೋವಿ ಹಗುರವಾದಷ್ಟೂ ಹಿಂದೊದೆತ ಹೆಚ್ಚು. ಹೊತ್ತುಕೊಂಡು ತಿರುಗಲು ಸುಲಭವೆಂದು ನಾವು ಮೆಚ್ಚುವುದು ಹಗುರ ಕೋವಿಗಳನ್ನೇ. ಪಂದ್ಯದ ಮರುದಿನ ಭುಜ ನೀಲಿಗಟ್ಟುತ್ತಿತ್ತು. ಬಿಸಿ ಎಣ್ಣೆ ತಿಕ್ಕಿ ಶಾಖ ಕೊಟ್ಟರೆ ನಾಲ್ಕು ದಿನದಲ್ಲಿ ಹೋಗುತ್ತಿತ್ತು. ಐವತ್ತರ ನಂತರ ಹೋಗಲಿಲ್ಲ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳದಾಯಿತು. ಒಂದು ಮದುವೆಗೆ ಹೊರಡುವಾಗ ನಮ್ಮ ನಿಲುವಂಗಿ ಕುಪ್ಯಕ್ಕೆ ಕೈ ತೂರಿಸಲು ಆಗಲಿಲ್ಲ. ಹೆಂಡತಿ ಮಗುವಿಗೆ ಅಂಗಿ ತೊಡಿಸುವ ಹಾಗೆ ತೊಡಿಸಿದಳು.

ಸ್ಕ್ಯಾನಿಂಗ್‌ನಲ್ಲಿ ಭುಜದ ಸ್ನಾಯುರಜ್ಜು ಅರ್ಧ ಹರಿದಿರುವುದು ಕಂಡಿತು. ಕತ್ತಿನ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಡಿಸ್ಕ್ ಸವೆದು ನರ ಒತ್ತುತ್ತಿತ್ತು. ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತಿದ್ದುದು ಅದರಿಂದ. ಎಲ್ಲವೂ ಕೋವಿಯಿಂದಲೇ ಎಂದು ಮೂಳೆ ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ವಯಸ್ಸಿದೆ, ಹೊತ್ತ ಕಾಫಿ ಮೂಟೆಗಳಿವೆ. ಆದರೆ ಕತ್ತನ್ನು ಮುಂದಕ್ಕೆ ಚಾಚಿ, ಒಂದೇ ಕಡೆಗೆ ವಾಲಿಸಿ, ಆ ಭಂಗಿಯಲ್ಲೇ ಒದೆತ ತಿನ್ನುವ ಅಭ್ಯಾಸ ದಶಕಗಳ ಕಾಲ ನಡೆದರೆ ಸವೆತ ಆ ಕಡೆಗೇ ಬರುತ್ತದೆ. ಒದೆತವಿಲ್ಲದ ಏರ್ ರೈಫಲ್‌ನಲ್ಲೂ ಭಂಗಿಯೇ ಮೈ ತಿನ್ನಬಲ್ಲದು. ಸೊಂಟವನ್ನು ಹಿಂದಕ್ಕೆ ಬಾಗಿಸಿ, ತಿರುಚಿ, ಭಾರವನ್ನು ಮೂಳೆಗಳ ಮೇಲೆ ಹೊರಿಸಿ ಗಂಟೆಗಟ್ಟಲೆ ನಿಲ್ಲಬೇಕು. ಅಭಿನವ್ ಬಿಂದ್ರಾ 2006ರಲ್ಲಿ ವಿಶ್ವ ಚಾಂಪಿಯನ್ ಆದರು. ಬೆನ್ನಿನ ತೊಂದರೆಯಿಂದ ಅದೇ ವರ್ಷದ ಏಷ್ಯನ್ ಕ್ರೀಡಾಕೂಟಕ್ಕೆ ಹೋಗಲಾಗಲಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ನ ಚಿನ್ನ ಬಂದದ್ದು ಆ ಬೆನ್ನನ್ನು ರಿಪೇರಿ ಮಾಡಿಕೊಂಡ ನಂತರ. ಅವರ ಹಿಂದೆ ವೈದ್ಯರು, ತರಬೇತುದಾರರು ಇದ್ದರು. ಭಾನುವಾರದ ಹವ್ಯಾಸಿಯ ಹಿಂದೆ ಯಾರಿರುತ್ತಾರೆ?

ಮೈ ತಾನಾಗಿ ಹೆದರಲು ಕಲಿತದ್ದು ನನಗೆ ಎಲ್ಲಕ್ಕಿಂತ ದುಃಖ ಕೊಟ್ಟಿತು. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಭುಜ ಬೆಚ್ಚಿ ಮುಂದಕ್ಕೆ ನೂಕುತ್ತಿತ್ತು. ಗುರಿ ತಪ್ಪುತ್ತಿತ್ತು. ಕೋವಿಯಲ್ಲಿ ತೋಟೆ ಇಲ್ಲವೆಂದು ತಿಳಿದು ಒತ್ತಿದರೂ ಬೆಚ್ಚುತ್ತಿದ್ದೆ. ಮನಸ್ಸು ಬೇಕು ಎನ್ನುತ್ತಿದ್ದುದನ್ನು ಮೈ ಆಗಲೇ ಬೇಡ ಎನ್ನುತ್ತಿತ್ತು.

ಇಷ್ಟೆಲ್ಲ ಆದರೂ ಮೈಸೂರಿಗೆ ಹೋದದ್ದು ಒಂದು ಆನೆಯಿಂದ. ಹಲಸು ಹಣ್ಣಾಗುವ ಕಾಲ. ಆ ದಿನಗಳಲ್ಲಿ ಆನೆಗಳು ತೋಟಕ್ಕೆ ಇಳಿಯುತ್ತವೆ. ಬೆಳಿಗ್ಗೆ ಕೆಲಸದವರ ಜೊತೆ ನಡೆಯುತ್ತಿದ್ದೆ, ಅವರು ಸ್ವಲ್ಪ ಹಿಂದೆ ಇದ್ದರು. ನಮ್ಮ ತೋಟಗಳಲ್ಲಿ ಆನೆ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗಬೇಕು: ಒಣರೆಂಬೆ ಮುರಿದ ಚಟ್, ಎಲೆ ಎಳೆದ ಸರಸರ. ಅವೆಲ್ಲ ನಾನು ಕಳೆದುಕೊಂಡ ಎತ್ತರದ ಸದ್ದುಗಳು. "ಆನೆ, ಆನೆ" ಎಂದು ಯಾರೋ ಕೂಗಿದ್ದು ಕೇಳಿತು. ಯಾವ ಕಡೆಯಿಂದ ಎಂದು ಸರಿಯಾಗಿ ತಿಳಿಯಲಿಲ್ಲ. ಸದ್ದಿನ ದಿಕ್ಕು ತಿಳಿಯುವುದು ಎರಡು ಕಿವಿಗಳಿಗೆ ಬರುವ ಸದ್ದಿನ ವ್ಯತ್ಯಾಸದಿಂದ. ನನ್ನ ಎಡಗಿವಿ ಆ ಲೆಕ್ಕದಿಂದ ಆಚೆ ಹೋಗಿತ್ತು. ನನಗೆ ಬಲಗಡೆಯಿಂದ ಕೂಗಿದಂತೆ ಕೇಳಿ ಎಡಕ್ಕೆ ಸರಿದೆ. ಆನೆ ಎಡಗಡೆಯೇ ಇತ್ತು, ಕಾಫಿ ಗಿಡಗಳ ಆಚೆ, ಕಿವಿ ಅಗಲಿಸಿ ನಿಂತಿತ್ತು. ಕೆಲಸದವನೊಬ್ಬ ಓಡಿಬಂದು ಅಂಗಿ ಹಿಡಿದು ಎಳೆದುಕೊಂಡು ಹೋದ. ಆನೆ ನಮ್ಮ ಹಿಂದೆ ಬರಲಿಲ್ಲ. ಅವನಿಗೆ ನಾನು ಜೀವ ಇರುವವರೆಗೆ ಋಣಿ. ಅಂದಿನಿಂದ ನನ್ನದೇ ತೋಟದಲ್ಲಿ ಒಬ್ಬನೇ ನಡೆದಿಲ್ಲ.

ಅದಕ್ಕೆ ಮೊದಲು ಊರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಕುಗ್ಗೆ ತೆಗೆದು, ವಯಸ್ಸಾಯಿತು ಎಂದು ಕಳಿಸಿದ್ದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ಇದೆ, ಕೊಡಗಿನಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದು. ಅಲ್ಲಿ ಹೊರಗಿನ ಸದ್ದು ಒಳಗೆ ಬಾರದ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ, ಹಾಳೆಯ ಮೇಲೆ ಗುರುತು ಹಾಕಿದರು. ಎಡಗಿವಿಯಲ್ಲಿ 4000 ಹರ್ಟ್ಸಿನ ಸ್ವರ 70 ಡೆಸಿಬಲ್ ಏರಿಸಿದ ಮೇಲೆ ಕೇಳಿತು, ಬಲಗಿವಿಯಲ್ಲಿ 50ಕ್ಕೆ. ವಯಸ್ಸಿನ ಕಿವುಡಿನಲ್ಲಿ ಗೆರೆ ಕೊನೆಯವರೆಗೆ ಇಳಿಯುತ್ತಾ ಹೋಗುತ್ತದೆ, ಸದ್ದಿನ ಹೊಡೆತದಲ್ಲಿ ಹಳ್ಳ ಬೀಳುತ್ತದೆ ಎಂದು ಎರಡನ್ನೂ ಬರೆದು ತೋರಿಸಿದರು. ನನಗೆ ಈಗ ಎರಡೂ ಸೇರಿಕೊಂಡಿವೆ.

ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ಮೊದಲ ದಿನ ಪತ್ರಿಕೆ ಮಡಚಿದ ಸದ್ದಿಗೆ ಬೆಚ್ಚಿಬಿದ್ದೆ. ಅಂಗಳದ ಹಕ್ಕಿಗಳು ತಿರುಗಿ ಬಂದವು. ಮೊಮ್ಮಗಳ ಮಾತು ಎದುರು ಕೂತರೆ ಸಿಗುತ್ತದೆ. ಆದರೆ ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ಸತ್ತ ಕೋಶಕ್ಕೆ ಜೀವ ಕೊಡುವುದಿಲ್ಲ. ಗದ್ದಲದಲ್ಲಿ ಮಾತನ್ನು ಬಿಡಿಸಿಕೊಡುವ ಕೆಲಸ ಅದರಿಂದ ಪೂರ್ತಿ ಆಗುವುದಿಲ್ಲ. ನಮ್ಮ ಮಳೆಗಾಲದ ತೇವ ಅದಕ್ಕೆ ಶತ್ರು. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡದಿದ್ದರೆ ಜುಲೈ ತಿಂಗಳಲ್ಲಿ ಕೆಟ್ಟೇ ಹೋಗುತ್ತದೆ.

12 ಬೋರ್ ಬಿಟ್ಟಿದ್ದೇನೆ. ಕೈಲ್‌ಪೊಳ್ದ್‌ನಲ್ಲಿ ಕೋವಿ ಒರೆಸುವುದು, ಪೂಜೆ ಮಾಡುವುದು ಬಿಟ್ಟಿಲ್ಲ. ಮೈದಾನಕ್ಕೂ ಹೋಗುತ್ತೇನೆ, ಹೋಗುವಾಗ ಜೇಬಿನ ತುಂಬ ಕಿವಿಬೆಣೆ ಒಯ್ಯುತ್ತೇನೆ. ಮೆತ್ತನೆಯ ಫೋಮಿನವು, ಅಗ್ಗದವು. ಅವನ್ನು ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ಇಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. 12 ಬೋರ್ ಹೊಡೆಯುವವರು ಅದರ ಮೇಲೆ ಕಿವಿ ಮುಚ್ಚುವ ಇಯರ್‌ಮಫ್ ಕೂಡ ಹಾಕಬೇಕು. ಕನ್ನಡಕದ ಕಡ್ಡಿ ಅಥವಾ ಕೋವಿಯ ಮರ ಮಫ್ಫನ್ನು ಎತ್ತಿದರೆ ಆ ಸಂದಿನಿಂದಲೇ ಸದ್ದು ನುಗ್ಗುತ್ತದೆ.

ಕೋವಿ ಹಿಡಿದವನಿಗಿಂತ ನನಗೆ ಚಿಂತೆ ಪಕ್ಕದಲ್ಲಿ ನಿಂತವರದು. ಪಂದ್ಯದಲ್ಲಿ ಹೊಡೆಯುವವನು ತನ್ನ ಸರದಿ ಮುಗಿಸಿ ಹೋಗುತ್ತಾನೆ. ಹಗ್ಗದ ಆಚೆ ಅಪ್ಪನ ಹೆಗಲ ಮೇಲೆ ಕೂತ ಮಗು ಬೆಳಿಗ್ಗೆಯಿಂದ ಸಂಜೆವರೆಗೆ ಪ್ರತಿಯೊಬ್ಬನ ಈಡನ್ನೂ ಕೇಳುತ್ತದೆ. ಮಗುವಿನ ಸಣ್ಣ ಕಿವಿಗೆ ಫೋಮಿನ ಬೆಣೆ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಮಫ್ಫೇ ಬೇಕು. ಅದಿಲ್ಲದಿದ್ದರೆ ಮಗುವನ್ನು ದೂರ ಕರೆದುಕೊಂಡು ಹೋಗಿ. ಪಂದ್ಯ ನಡೆಸುವ ಸಂಘಗಳು, ಕ್ಲಬ್ಬುಗಳು ನನ್ನ ಒಂದು ಮಾತು ನಡೆಸಿಕೊಡಬೇಕು: ತೋಟೆಯ ಡಬ್ಬಿ ಇಡುವ ಮೇಜಿನ ಮೇಲೆ ಕಿವಿಬೆಣೆಯ ಡಬ್ಬಿಯನ್ನೂ ಇಡಿ, ಅದು ಕಿವಿಯಲ್ಲಿಲ್ಲದವರಿಗೆ ತೋಟೆ ಕೊಡಬೇಡಿ. ಕೋವಿ ಹೊಡೆಯುವ ಹುಡುಗ ಹುಡುಗಿಯರೇ, ಈಗ, ಕಿವಿ ಚೆನ್ನಾಗಿ ಕೇಳುತ್ತಿರುವಾಗಲೇ ಒಮ್ಮೆ ಆಡಿಯೋಗ್ರಾಂ ಮಾಡಿಸಿ. ಎರಡು ವರ್ಷ ಬಿಟ್ಟು ಮತ್ತೊಮ್ಮೆ ಮಾಡಿಸಿ, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು 4000 ಎಂದು ಬರೆದಿರುವ ಗೆರೆಯನ್ನು ನೋಡಿ.